ಒಂದೇ ವೈರಿನ ಕ್ಯಾಮೆರಾ

ಹಾಲಿನ ಬೂತಿನ ಮುಂದೆ ಹದಿನೈದು ಜನ ಸಾಲು ನಿಂತಿದ್ದಾಗ ಕಾಂತರಾಜು ತನ್ನ ಬಾಡಿಗೆ ಮನೆಯ ಹುಡುಗನನ್ನು ಕಳ್ಳ ಎಂದ. ಮಾರೇನಹಳ್ಳಿಯಲ್ಲಿ ಬೆಳಗಿನ ಆರೂವರೆಗೆ ಹಾಲಿನ ಬೂತಿಗಿಂತ ದೊಡ್ಡ ಪಂಚಾಯಿತಿ ಕಟ್ಟೆ ಇನ್ನೊಂದಿಲ್ಲ. ಅಲ್ಲಿ ಆಡಿದ ಮಾತು ಏಳು ಗಂಟೆಯೊಳಗೆ ನಾಲ್ಕು ಅಡ್ಡರಸ್ತೆ ದಾಟಿರುತ್ತದೆ.

“ರಾತ್ರಿ ವಾಲ್ವ್ ಮುಚ್ಚಿ ಮಲಗಿದ್ದೀನಿ ಅಮರೇಶ. ಬೆಳಿಗ್ಗೆ ಎದ್ದು ನೋಡಿದ್ರೆ ನಿಮ್ಮ ತೊಟ್ಟಿ ತುಂಬಿ ಹರೀತಾ ಇದೆ. ಇದಕ್ಕೆ ಕಳ್ಳತನ ಅನ್ನದೆ ಇನ್ನೇನು ಅಂತಾರೆ?”

“ನಾ ತಗದಿಲ್ರೀ ಸಾರ್.”

“ಮತ್ತೆ ಗಂಗಮ್ಮನೇ ಎದ್ದು ಬಂದು ತೆಗೆದಳಾ?”

ಸಾಲಿನಲ್ಲಿ ಯಾರೋ ನಕ್ಕರು. ಅಮರೇಶ ನಗಲಿಲ್ಲ. ಅವನಿಗೆ ಇಪ್ಪತ್ತಾರು ವರ್ಷ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸ, ಊರು ಲಿಂಗಸುಗೂರು ಕಡೆ. ಅವನು ಕಾಂತರಾಜುವನ್ನು ಬಿಟ್ಟು ಅವನ ಹಿಂದೆ ವೈರ್ ಬ್ಯಾಗು ಹಿಡಿದು ನಿಂತಿದ್ದ ಮುದುಕಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ತನ್ನ ಅರ್ಧ ಲೀಟರ್ ಹಾಲು ತೆಗೆದುಕೊಂಡು ಹೊರಟುಹೋದ.

ಆ ಮುದುಕಿ ಕಾಂತರಾಜುವಿನ ತಾಯಿ ಚಿಕ್ಕಲಕ್ಷ್ಮಮ್ಮ. ಆವತ್ತು ಬೆಳಗಿನ ಐದು ಗಂಟೆಗೆ ವಾಲ್ವ್ ತಿರುಗಿಸಿದವಳು ಅವಳೇ. ಬಾಯಿ ಬಿಡಬೇಕಾಗಿದ್ದ ಹೊತ್ತಿನಲ್ಲಿ ಅವಳು ಬ್ಯಾಗಿನಲ್ಲಿ ಚಿಲ್ಲರೆ ಹುಡುಕುತ್ತ ನಿಂತಳು.

ಜಗಳದ ಮೂಲ ನೀರಲ್ಲ, ಜಾಗ. ಮನೆಯ ಹಿಂದೆ ಶೀಟು ಹೊದಿಸಿದ ಮೂರು ಸಣ್ಣ ಮನೆಗಳಿದ್ದವು. ಅವನ್ನು ಕೆಡವಿ ನಾಲ್ಕು ಅಂತಸ್ತು ಏರಿಸಬೇಕೆಂದು ಕಾಂತರಾಜು ಎರಡು ವರ್ಷದಿಂದ ಓಡಾಡುತ್ತಿದ್ದ. ಬ್ಯಾಂಕಿನ ಸಾಲ ಆಗಿತ್ತು, ಯುಗಾದಿ ಕಳೆಯುವುದರೊಳಗೆ ಜಾಗ ಖಾಲಿ ಇರಬೇಕೆಂದು ಎಂಜಿನಿಯರು ಹೇಳಿದ್ದರು. ಎರಡು ಮನೆಯವರು ಬಿಟ್ಟು ಹೋದರು. ಮೂರನೆಯ ಮನೆಯ ದುರ್ಗವ್ವ ಮಾತ್ರ ಏಳಲಿಲ್ಲ. ಅವಳ ಸೊಸೆ, ಅಮರೇಶನ ಹೆಂಡತಿ ಶಿಲ್ಪಾ, ಹತ್ತು ದಿನದ ಹಿಂದೆ ಹೆತ್ತಿದ್ದಳು. ಶಿಲ್ಪಾಳಿಗೆ ತಾಯಿಯಿಲ್ಲದ್ದರಿಂದ ಬಾಣಂತನವೂ ಅತ್ತೆಯ ಪಾಲಿಗೇ ಬಂದಿತ್ತು.

“ಮೂರು ತಿಂಗಳು ಆಗ್ಲಿ ಸಾರ್, ನಾವ ಹೋಗ್ತೀವಿ. ಹಸಿ ಬಾಣಂತೀನ ಎಲ್ಲಿ ಕರ್ಕೊಂಡು ಅಡ್ಡಾಡ್ಲಿ?” ಎಂದಿದ್ದಳು ದುರ್ಗವ್ವ.

“ಆರು ತಿಂಗಳ ಹಿಂದೇನೇ ಹೇಳಿದ್ದೆ ನಿಮಗೆ,” ಎಂದ ಕಾಂತರಾಜು. ಅದೂ ಸುಳ್ಳಲ್ಲ. ತನ್ನ ಪ್ಲೈವುಡ್ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡದ ಮನುಷ್ಯ ಅವನು, ಕೆಟ್ಟವನಲ್ಲ. ಆದರೆ ಹಟಕ್ಕೆ ಬಿದ್ದರೆ ಕಿವಿ ಮುಚ್ಚಿಹೋಗುತ್ತಿತ್ತು. ಮೇಲಿನ ಟ್ಯಾಂಕಿನಿಂದ ಹಿಂದಿನ ಮನೆಗಳ ತೊಟ್ಟಿಗೆ ಹೋಗುವ ಪೈಪಿನ ವಾಲ್ವನ್ನು ಅವನು ತಿರುಗಿಸಿ ಮುಚ್ಚಿಬಿಟ್ಟ. ದಿನಕ್ಕೆ ಎರಡು ಕೊಡ ನೀರನ್ನು ಮುಂದಿನ ನಲ್ಲಿಯಿಂದ ಹಿಡಿದುಕೊಳ್ಳಬಹುದು ಎಂದ.

ಎರಡು ಕೊಡ. ಬಾಣಂತಿಗೆ ಎಣ್ಣೆ ಹಚ್ಚಿ, ಸೊಂಟದ ಮೇಲೆ ಕುದಿಕುದಿ ನೀರು ಹಂಡೆಗಟ್ಟಲೆ ಸುರಿಯುವ ಜನ ಇವರು. ಎರಡು ಕೊಡ ಕೂಸಿನ ಬಟ್ಟೆಗೂ ಸಾಲದು ಎನ್ನುವುದು ಆ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಮುಲಾಜು ನೋಡಬೇಡ ಕಣಪ್ಪ,” ಎಂದು ಜಗಲಿಯ ಕುರ್ಚಿಯಿಂದಲೇ ಬೆಂಬಲ ಕೊಟ್ಟವನು ಕಾಂತರಾಜುವಿನ ತಂದೆ ಚಿಕ್ಕಣ್ಣ. “ಇವತ್ತು ಬಾಣಂತಿ ಅಂತಾರೆ, ನಾಳೆ ನಾಮಕರಣ ಅಂತಾರೆ. ಕೂತವರು ಏಳ್ತಾರಾ?”

“ಬಾಣಂತಿ ನೀರಿಗೆ ಕಲ್ಲು ಹಾಕಬಾರದು ಕಣೋ,” ಎಂದಳು ಚಿಕ್ಕಲಕ್ಷ್ಮಮ್ಮ.

“ನೀನು ಸುಮ್ನಿರಮ್ಮ. ಕಟ್ಟಡ ಏಳೋದು ನಿನ್ನ ಮೊಮ್ಮಗಳಿಗೇ.”

ಅವಳು ಸುಮ್ಮನಾದಳು. ಆ ಮನೆಯಲ್ಲಿ ಅವಳು ಸುಮ್ಮನಾಗುವುದನ್ನು ಕಲಿತು ನಲವತ್ತೈದು ವರ್ಷವಾಗಿತ್ತು.

ಹಾಲಿನ ಬೂತಿನ ಆ ಮಾತು ಮಾತ್ರ ಸುಮ್ಮನಾಗಲಿಲ್ಲ. ಮೂಲೆಯ ದಿನಸಿ ಅಂಗಡಿಯವನು ಅಮರೇಶ ಬಂದರೆ ಗಲ್ಲಾಪೆಟ್ಟಿಗೆ ಮುಚ್ಚಿ ಸಾಮಾನು ಕಟ್ಟತೊಡಗಿದ. ಪಕ್ಕದ ಮನೆಯವರು ನೀರಿನ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿದರು. ದುರ್ಗವ್ವ ಎದುರಿಗೆ ಬಂದರೆ ಚಿಕ್ಕಲಕ್ಷ್ಮಮ್ಮ ದಾರಿ ಬದಲಿಸಿ ಹೋಗುತ್ತಿದ್ದಳು.

ಅದರ ಮೇಲೆ ತೊಟ್ಟಿ ಇನ್ನೊಮ್ಮೆ ತುಂಬಿತು. ಕಾಂತರಾಜು ಕ್ಯಾಮೆರಾ ಹಾಕಿಸುವ ಮಾತು ತೆಗೆದ.

“ಒಂದು ಸಲ ಅವನು ವಾಲ್ವ್‌ಗೆ ಕೈ ಹಾಕೋದು ಸಿಕ್ಕಲಿ. ಆ ಚಿತ್ರ ಹಿಡ್ಕೊಂಡು ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ಆಮೇಲೆ ಮೂರು ತಿಂಗಳೂ ಇಲ್ಲ, ಮೂರು ದಿನಾನೂ ಇಲ್ಲ.”

ಭಾನುವಾರ ರಾಜಾಜಿನಗರದ ಅಂಗಡಿಯಿಂದ ನಾಗರಾಜು ಎನ್ನುವವನು ಎರಡು ಡಬ್ಬಿ ಹಿಡಿದು ಬಂದ. ಹಾಲ್‌ನ ದಿವಾನದ ಮೇಲೆ ಎರಡನ್ನೂ ಬಿಚ್ಚಿಟ್ಟ. ಪಿಯುಸಿ ಓದುತ್ತಿದ್ದ ಮಗಳು ಸ್ಪಂದನ ಪುಸ್ತಕ ಬಿಟ್ಟು ಬಂದು ಕೂತಳು. ಒಳಗೆ ಕಾಂತರಾಜುವಿನ ಹೆಂಡತಿ ಅಂಬುಜಾ ಹುರುಳಿಕಾಳಿನ ಬಸ್ಸಾರಿಗೆ ಖಾರ ರುಬ್ಬುತ್ತಿದ್ದಳು. ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ಮಾತು ಕೇಳಿಸಿಕೊಳ್ಳುತ್ತಿದ್ದಳು.

“ಇದು ಹಳೇ ತರದ್ದು ಸಾರ್,” ಎಂದ ನಾಗರಾಜು. “ಚಿತ್ರಕ್ಕೆ ಒಂದು ವೈರು, ಕರೆಂಟಿಗೆ ಇನ್ನೊಂದು. ಪ್ರತಿ ಕ್ಯಾಮೆರಾ ಪಕ್ಕ ಒಂದು ಪ್ಲಗ್ ಪಾಯಿಂಟ್ ಬೇಕು. ಹದಿನೆಂಟು ಸಾವಿರದಲ್ಲಿ ಮುಗಿಯುತ್ತೆ. ಇದು ಹೊಸದು. ಕಂಪ್ಯೂಟರ್ ನೆಟ್‌ವರ್ಕಿನ ವೈರು ಇರುತ್ತಲ್ಲ, ಅದೇ. ಚಿತ್ರಾನೂ ಅದರಲ್ಲೇ ಬರುತ್ತೆ, ಕರೆಂಟೂ ಅದರಲ್ಲೇ ಹೋಗುತ್ತೆ. ಮೂವತ್ತೆಂಟು ಆಗುತ್ತೆ.”

“ಒಂದು ವೈರು ಕಮ್ಮಿ ಆಗೋದಕ್ಕೆ ಇಪ್ಪತ್ತು ಸಾವಿರ ಜಾಸ್ತಿನಾ?” ಎಂದ ಚಿಕ್ಕಣ್ಣ. “ನಮ್ಮನ್ನ ಏನಂದ್ಕೊಂಡಿದೀಯಪ್ಪ?”

“ಚಿತ್ರ ಸ್ಪಷ್ಟ ಬರುತ್ತೆ ತಾತ. ಹಳೇದರಲ್ಲಿ ಮುಖ ಗುರುತು ಸಿಗೋದು ಕಷ್ಟ.”

“ನೀರು ಕದಿಯೋನ ಮುಖ ಸಿನಿಮಾದ ಹಾಗೆ ಕಾಣಬೇಕೇನು? ಹಳೇದೇ ಸಾಕು ಕಣೋ ಕಾಂತ.”

ಕಾಂತರಾಜುವಿಗೂ ಹದಿನೆಂಟೇ ಸರಿ ಎನಿಸಿತು. ಎಲ್ಲರೂ ಜಾಗ ನೋಡಲು ಪಕ್ಕದ ಓಣಿಗೆ ನಡೆದರು. ವಾಲ್ವ್ ಇದ್ದದ್ದು ಸಂಪಿನ ಪಕ್ಕ. ಅದರ ಮೇಲಿನ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಅರಿಶಿನ ಬಳಿದ ಒಂದು ಕಲ್ಲು. ಮಾರೇನಹಳ್ಳಿ ಹಳ್ಳಿಯಾಗಿದ್ದಾಗ ಅಲ್ಲಿ ಬಾವಿಯಿತ್ತು. ಅದನ್ನು ಮುಚ್ಚಿ ಸಂಪು ಕಟ್ಟಿಸಿದಾಗ ಬಾವಿಯ ಗಂಗಮ್ಮನನ್ನು ಚಿಕ್ಕಲಕ್ಷ್ಮಮ್ಮ ಗೋಡೆಗೆ ತಂದು ಕೂರಿಸಿದ್ದಳು.

“ಪ್ಲಗ್ ಪಾಯಿಂಟ್ ಇಲ್ಲೇ ಬರಬೇಕು ಸಾರ್. ಈ ಗೂಡಿನ ಪಕ್ಕ ಗೋಡೆ ಕೊರೆಯಬೇಕಾಗುತ್ತೆ.”

“ಗಂಗಮ್ಮನ ಗೋಡೆಗೆ ಯಾರೂ ಕೈ ಹಚ್ಚೋ ಹಾಗಿಲ್ಲ,” ಎಂದಳು ಚಿಕ್ಕಲಕ್ಷ್ಮಮ್ಮ.

ಎಲ್ಲರೂ ತಿರುಗಿ ನೋಡಿದರು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿ ಬಹಳ ದಿನವಾಗಿತ್ತು. ಪ್ಲಗ್ಗೇ ಬೇಡವೆಂದರೆ ಕ್ಯಾಮೆರಾವೇ ಬೇಡವಾದೀತು ಎಂದು ಅವಳು ಒಳಗೊಳಗೇ ಎಣಿಸಿದ್ದಳು.

“ಹಾಗಾದ್ರೆ ಹೊಸದೇ ಹಾಕಿಬಿಡಿ ಸಾರ್,” ಎಂದ ನಾಗರಾಜು ಉತ್ಸಾಹದಿಂದ. “ಸಜ್ಜಾ ಕೆಳಗೆ ಕ್ಯಾಮೆರಾ ಕೂರಿಸ್ತೀನಿ, ಒಂದೇ ಸಣ್ಣ ವೈರು, ಅಂಚಿನಲ್ಲೇ ಎಳ್ಕೊಂಡು ಹೋಗ್ತೀನಿ. ಗೋಡೆ ಮುಟ್ಟೋದೇ ಬೇಡ.”

“ಸರಿ ಬಿಡು, ಅಮ್ಮ ಹೇಳಿದ ಹಾಗೇ ಆಗಲಿ,” ಎಂದ ಕಾಂತರಾಜು. ಹೀಗೆ ಮೂವತ್ತೆಂಟು ಸಾವಿರದ ಕ್ಯಾಮೆರಾ ಚಿಕ್ಕಲಕ್ಷ್ಮಮ್ಮನ ಮಾತಿಗೇ ಮನೆಗೆ ಬಂತು.

ಮಂಗಳವಾರ ಕೆಲಸ ಮುಗಿಯಿತು. ಹೊರಡುವಾಗ ಗೇಟಿನ ಹತ್ತಿರ ನಾಗರಾಜು ಇನ್ನೊಂದು ಮಾತು ಹೇಳಿದ. “ಕರೆಂಟ್ ಕೊಡೋ ಡಬ್ಬಿ ಹಾಲ್‌ನಲ್ಲಿದೆಯಲ್ಲ ಸಾರ್, ಅದನ್ನೂ ರೆಕಾರ್ಡರನ್ನೂ ನಿಮ್ಮ ಕಂಪ್ಯೂಟರಿನ ಯುಪಿಎಸ್ ಬ್ಯಾಟರಿಗೆ ಸೇರಿಸಿದ್ದೀನಿ. ಮನೇಲಿ ಕರೆಂಟ್ ಹೋದ್ರೂ ಕ್ಯಾಮೆರಾ ಹೋಗಲ್ಲ. ಹಳೇದಾಗಿದ್ರೆ ಪ್ಲಗ್ ಸತ್ತ ಕೂಡಲೇ ಅದೂ ಸಾಯ್ತಿತ್ತು.”

ಕಾಂತರಾಜು ಆಚೀಚೆ ನೋಡಿದ. “ಈ ವಿಷಯ ಮನೇಲಿ ಬಾಯಿ ಬಿಡಬೇಡ. ಹೆಂಗಸರು ಹಿಂದಿನ ಮನೆಗೆ ಹೇಳಿಬಿಡ್ತಾರೆ. ಕರೆಂಟ್ ಹೋದಾಗಲೇ ಅವನು ಬರೋದು.”

ಅದು 2009ರ ಬೇಸಿಗೆ. ಬೆಳಿಗ್ಗೆ ಆರರಿಂದ ಏಳು, ಸಂಜೆ ಆರೂವರೆಯಿಂದ ಏಳೂವರೆ ಕರೆಂಟು ಹೋಗುತ್ತಿತ್ತು. ಚಿಕ್ಕಲಕ್ಷ್ಮಮ್ಮ ಎರಡು ದಿನ ಕ್ಯಾಮೆರಾ ನೋಡಿಕೊಂಡೇ ಓಡಾಡಿದಳು. ಮೂರನೆಯ ದಿನ ಹಿಂದಿನಿಂದ ಕೂಸು ಅಳುವುದು ಕೇಳಿಸಿತು. ದುರ್ಗವ್ವ ಎರಡನೆಯ ಕೊಡ ಹೊತ್ತು ಹೋಗುತ್ತಿದ್ದಳು.

“ಬಾಣಂತಿಗೆ ನೀರು ಹಾಕಿದ್ಯೇನವ್ವ?” ಎಂದು ಕೇಳಿಯೇಬಿಟ್ಟಳು ಚಿಕ್ಕಲಕ್ಷ್ಮಮ್ಮ.

“ಎಲ್ಲಿಂದ ಹಾಕ್ಲಿ ಅಮ್ಮಾರ? ಮೂರು ದಿನಾತು, ಒದ್ದಿ ಬಟ್ಟಿಲೆ ಮೈ ಒರಸಾಕತ್ತೀನಿ.”

ಸಂಜೆ ಆರೂವರೆಗೆ ಫ್ಯಾನು ನಿಂತಿತು. ಟಿವಿ ಸತ್ತಿತು. ಮನೆಯಲ್ಲಿ ಕರೆಂಟಿಲ್ಲ ಎಂದ ಮೇಲೆ ಆ ಕಣ್ಣಿಗೆ ಮಾತ್ರ ಎಲ್ಲಿಂದ ಬರಬೇಕು? ಅವಳು ಗಂಗಮ್ಮನಿಗೆ ದೀಪ ಹಚ್ಚುವವಳಂತೆ ಓಣಿಗೆ ಹೋದಳು. ಬಗ್ಗಿ ವಾಲ್ವನ್ನು ನಾಲ್ಕು ಸುತ್ತು ತಿರುಗಿಸಿದಳು. ಪೈಪಿನಲ್ಲಿ ನೀರು ಇಳಿಯುವ ಸದ್ದು ಕೇಳಿ ಅವಳ ಜೀವ ತಣ್ಣಗಾಯಿತು. ಅರ್ಧ ಗಂಟೆ ಬಿಟ್ಟು ಬಂದು ಮುಚ್ಚಿದಳು.

ಆಮೇಲೆ ಅದು ಒಂದು ಕಸುಬೇ ಆಯಿತು. ಒಂದು ಬೆಳಿಗ್ಗೆ ಮಾತ್ರ ಅವಳು ಹೋಗುವಷ್ಟರಲ್ಲಿ ವಾಲ್ವ್ ತೆರೆದೇ ಇತ್ತು. ಹಿಂದಿನ ಸಂಜೆ ಮುಚ್ಚಿದ್ದು ಚೆನ್ನಾಗಿ ನೆನಪಿತ್ತು. ವಯಸ್ಸಾಯಿತು, ಮರೆವು ಹತ್ತಿತು ಎಂದುಕೊಂಡು ಗಾಬರಿಯಿಂದ ಮುಚ್ಚಿ ಬಂದಳು.

ಕಾಂತರಾಜು ದಿನಾ ಅಂಗಡಿಯಿಂದ ಬಂದವನೇ ಮಗಳನ್ನು ಕೇಳುತ್ತಿದ್ದ. ರೆಕಾರ್ಡರಿನ ವಿದ್ಯೆ ಮನೆಯಲ್ಲಿ ಗೊತ್ತಿದ್ದದ್ದು ಸ್ಪಂದನಳಿಗೊಬ್ಬಳಿಗೇ.

“ಏನಾದ್ರೂ ಸಿಕ್ತಾ?”

“ಏನೂ ಇಲ್ಲ ಅಪ್ಪ. ಬೆಕ್ಕು ಓಡಾಡಿದೆ.”

“ಸರಿಯಾಗಿ ನೋಡಿದ್ಯಾ?”

“ನೋಡ್ದೆ ಅಪ್ಪ. ನಂಗೆ ಪರೀಕ್ಷೆ ಇದೆ.”

ಎರಡು ವಾರ ಬೆಕ್ಕೇ ಓಡಾಡಿತು. ಆದರೆ ಮೇಲಿನ ಟ್ಯಾಂಕು ದಿನಾ ಇಳಿಯುತ್ತಿತ್ತು. ಕಾಂತರಾಜುವಿನ ಮುಖ ಗಂಟಾಗುತ್ತ ಹೋಯಿತು. ಶನಿವಾರ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ ಅವನು ನಿಧಾನವಾಗಿ ಹೇಳಿದ.

“ನಾಳೆ ನಾಗರಾಜು ಬರ್ತಾ ಇದಾನೆ. ಅವನ ಕೈಲೇ ಎಲ್ಲಾ ತೆಗೆಸಿ ನೋಡ್ತೀನಿ. ಹಿಂದಿನವರನ್ನೂ ಕೂರಿಸಿಕೊಂಡೇ ನೋಡೋದು.”

“ಸ್ಪಂದನ ನೋಡಿದಾಳಲ್ಲ,” ಎಂದಳು ಅಂಬುಜಾ.

“ಅವಳು ಕರೆಂಟ್ ಹೋದ ಹೊತ್ತಿಂದು ನೋಡಿರಲ್ಲ. ಕರೆಂಟ್ ಹೋದ್ರೂ ಅದು ಓಡ್ತಾ ಇರುತ್ತೆ. ಡಬ್ಬಿ ಯುಪಿಎಸ್ ಮೇಲಿದೆ, ವೈರಿನಲ್ಲೇ ಕರೆಂಟ್ ಹೋಗುತ್ತೆ. ಯಾರಿಗೂ ಹೇಳಿರಲಿಲ್ಲ ನಾನು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಚಿಕ್ಕಲಕ್ಷ್ಮಮ್ಮನ ಕೈಯ ತುತ್ತು ತಟ್ಟೆಗೆ ಬಿತ್ತು. ಅಂಬುಜಾ ಸಾರಿನ ಸೌಟನ್ನು ಮಜ್ಜಿಗೆ ಪಾತ್ರೆಗೆ ಅದ್ದಿದಳು. ಚಿಕ್ಕಣ್ಣ ನೀರು ನೆತ್ತಿಗೇರಿ ಕೆಮ್ಮತೊಡಗಿದ. ತನ್ನದೇ ಎದೆ ಹೊಡೆದುಕೊಳ್ಳುತ್ತಿದ್ದುದರಿಂದ ಚಿಕ್ಕಲಕ್ಷ್ಮಮ್ಮನಿಗೆ ಬೇರೆಯವರದು ಕಾಣಿಸಲಿಲ್ಲ.

ಭಾನುವಾರ ಹತ್ತು ಗಂಟೆಗೆ ಹಾಲ್‌ನಲ್ಲಿ ಎಲ್ಲರೂ ಸೇರಿದರು. ದುರ್ಗವ್ವ ಬಾಗಿಲ ಪಕ್ಕ ನೆಲದ ಮೇಲೆ ಕೂತಳು, ಕುರ್ಚಿ ಕೊಟ್ಟರೂ ಬೇಡ ಅಂದಳು. ಅಮರೇಶ ನಿಂತೇ ಇದ್ದ. ನಾಗರಾಜು ಕಂಪ್ಯೂಟರಿನ ಮುಂದೆ ಕೂತು ತಾರೀಖು ಒತ್ತುತ್ತಿದ್ದ.

“ಈಗಲೇ ಒಪ್ಕೊಂಡ್ರೆ ಸ್ಟೇಷನ್ನು ಬೇಡ,” ಎಂದ ಕಾಂತರಾಜು. “ಈ ವಾರ ಮನೆ ಬಿಟ್ಟು ಹೋಗಿ, ಅಷ್ಟೇ.”

ಅಮರೇಶ ಮುದುಕಿಯ ಕಡೆ ನೋಡಿದ.

“ಅದನ್ನ ಹಾಕಿಸಬೇಡ ಕಣೋ,” ಎಂದಳು ಚಿಕ್ಕಲಕ್ಷ್ಮಮ್ಮ. “ವಾಲ್ವ್ ತೆಗೆದದ್ದು ನಾನು.”

“ಅವರನ್ನ ಉಳಿಸೋದಕ್ಕೆ ಸುಳ್ಳು ಹೇಳಬೇಡಮ್ಮ. ಹಾಕಪ್ಪ ನೀನು.”

ನಾಗರಾಜು ಹಾಕಿದ. ಚಿತ್ರ ಅವನು ಹೇಳಿದಷ್ಟೇ ಸ್ಪಷ್ಟವಾಗಿತ್ತು. ಮುಸ್ಸಂಜೆಯ ಓಣಿ, ಗಂಗಮ್ಮನ ಮುಂದೆ ಸಣ್ಣ ದೀಪ, ಬಗ್ಗಿ ಎರಡೂ ಕೈಯಿಂದ ವಾಲ್ವ್ ತಿರುಗಿಸುತ್ತಿರುವ ಚಿಕ್ಕಲಕ್ಷ್ಮಮ್ಮ. ಸೀರೆಯ ಅಂಚಿನ ಬಣ್ಣ ಕೂಡ ಕಾಣುತ್ತಿತ್ತು.

ಕಾಂತರಾಜು ತಾಯಿಯನ್ನು ನೋಡಿದ. “ಇದೊಂದು ಸಲ ಆಗಿರಬೇಕು. ಮುಂದಕ್ಕೆ ಓಡಿಸು ನಾಗರಾಜು.”

ಮುಂದಿನದು ಬೆಳಗಿನದು. ಕೈಯಲ್ಲಿ ಪೊರಕೆ ಹಿಡಿದು ಬಂದವಳು ಅಂಬುಜಾ. ಓಣಿ ಗುಡಿಸುವಂತೆ ಎರಡು ಸಲ ಗೀಚಿ, ಹಿಂದೆ ನೋಡಿ, ವಾಲ್ವ್ ತೆಗೆದು, ಮತ್ತೆ ಗುಡಿಸುತ್ತ ಹೋದಳು. ಚಿಕ್ಕಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿದಳು. ತನ್ನ ಮರೆವಿನ ಕಾರಣ ಅವಳಿಗೆ ಆಗ ತಿಳಿಯಿತು.

“ನೀನೂನಾ?” ಎಂದ ಕಾಂತರಾಜು.

“ಸ್ಪಂದನ ಹುಟ್ಟಿದಾಗ ಅತ್ತೆ ನಂಗೆ ದಿನಾ ಒಂದು ಹಂಡೆ ನೀರು ಹಾಕ್ತಿದ್ರು,” ಎಂದಳು ಅಂಬುಜಾ. “ಅದು ನೆನಪಾಯ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ.”

“ಮುಂದಕ್ಕೆ ಹೋಗಪ್ಪ. ಅವನದೂ ಇದ್ದೇ ಇರುತ್ತೆ.”

ಮುಂದಕ್ಕೆ ಹೋದರೆ, ಕಂಕುಳಲ್ಲಿ ಟಾರ್ಚು ಸಿಕ್ಕಿಸಿಕೊಂಡು ಪಂಚೆ ಎತ್ತಿ ಕಟ್ಟಿದ ಚಿಕ್ಕಣ್ಣ ಬಂದ. ಅವನಿಗೆ ವಾಲ್ವ್ ಒಂದೇ ಸಲಕ್ಕೆ ತಿರುಗಲಿಲ್ಲ. ಕಾಲು ಕೊಟ್ಟು ತಿರುಗಿಸಿದ.

ಚಿಕ್ಕಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ: “ಖಾಲಿ ಮಾಡಿಸು ಅಂತ ಅಂದಿದ್ದೆ. ನೀರು ನಿಲ್ಲಿಸು ಅಂತ ನಾನು ಯಾವಾಗ ಅಂದೆ?”

ಕಾಂತರಾಜು ಮಗಳ ಕಡೆ ತಿರುಗಿದ. “ನಿಂಗೆ ಗೊತ್ತಿತ್ತಾ?”

“ಮೊದಲನೇ ದಿನಾನೇ ನೋಡಿದ್ದೆ ಅಪ್ಪ.”

“ಅಂದ್ರೆ ಇಡೀ ಮನೆ ಸೇರ್ಕೊಂಡು ನನ್ನ ಕೋತಿ ಮಾಡಿದ್ರಿ. ನಾನೊಬ್ಬನೇ ರಾಕ್ಷಸ. ಸಾಲಕ್ಕೆ ಸಹಿ ಹಾಕಿ ಓಡಾಡೋನು ನಾನು, ಒಳ್ಳೆಯವರೆಲ್ಲ ನೀವು.” ಅವನ ಸಿಟ್ಟಿನಲ್ಲಿ ಅವಮಾನವೇ ಹೆಚ್ಚಾಗಿತ್ತು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ದುರ್ಗವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

“ಎಲ್ಲಾರೂ ನೀರ ಬಿಟ್ರಿ. ನಿಮಗ ಪುಣ್ಯಾ ಬರ್ಲಿ, ನನ್ನ ಸೊಸಿ ಕೂಸು ಬದುಕಿದ್ರು. ಆದ್ರ ಅಷ್ಟು ಮಂದಿ ಮುಂದ ನನ್ನ ಮಗನ್ನ ಕಳ್ಳ ಅಂದ್ರಲ್ಲ, ಅವತ್ತು ಈ ಮನ್ಯಾಗ ಒಬ್ಬರಿಗೂ ಬಾಯಿ ಇರ್ಲಿಲ್ಲೇನ್ರೀ? ಕರೆಂಟ್ ಹೋದಾಗ ನೀರು, ಕರೆಂಟ್ ಇದ್ದಾಗ ಕಳ್ಳ. ಇದ್ಯಾವ ನ್ಯಾಯಾರೀ?”

ಅವಳು ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. “ಕಾಮಾಕ್ಷಿಪಾಳ್ಯದಾಗ ಒಂದು ಖೋಲಿ ನೋಡೀವಿ. ಒಂದನೇ ತಾರೀಖಿಗೆ ಹೋಗ್ತೀವಿ. ನೀವು ಓಡಸೋದು ಬ್ಯಾಡ.”

ಆವತ್ತು ಮನೆಯಲ್ಲಿ ಬೇಯಿಸಿದ ಅನ್ನ ಬೇಯಿಸಿದಂತೆಯೇ ಉಳಿಯಿತು. ಸಂಜೆ ಕಾಂತರಾಜು ತಾನೇ ಓಣಿಗೆ ಹೋಗಿ ವಾಲ್ವ್ ಪೂರ್ತಿ ತೆರೆದು ಬಂದ. ಚಿಕ್ಕಲಕ್ಷ್ಮಮ್ಮನಿಗೆ ಅದರಿಂದ ಸಮಾಧಾನವಾಗಲಿಲ್ಲ. ದುರ್ಗವ್ವ ಕೇಳಿದ್ದು ನೀರನ್ನಲ್ಲ.

ಮರುದಿನ ಆರೂವರೆಗೆ ಹಾಲಿನ ಬೂತಿನ ಸಾಲು ಎಂದಿನಷ್ಟೇ ಉದ್ದವಿತ್ತು. ದಿನಸಿ ಅಂಗಡಿಯವನಿದ್ದ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿದವರಿದ್ದರು. ಅಮರೇಶ ಮುಂದೆ ನಿಂತಿದ್ದ, ಅವನ ಹಿಂದೆ ಮುಂದೆ ಒಂದೊಂದು ಮಾರು ಜಾಗ ಬಿಟ್ಟಿದ್ದರು. ಕಾಂತರಾಜು ತಲೆ ತಗ್ಗಿಸಿ ಕೊನೆಯಲ್ಲಿದ್ದ. ಚಿಕ್ಕಲಕ್ಷ್ಮಮ್ಮ ಸಾಲು ಬಿಟ್ಟು ಮುಂದೆ ಹೋದಳು.

“ಒಂದು ಮಾತು ಕೇಳಿಸ್ಕೊಳ್ರಪ್ಪ,” ಎಂದಳು. ಕೈಯಲ್ಲಿದ್ದ ವೈರ್ ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಳು. “ಅವತ್ತು ನಮ್ಮ ವಾಲ್ವ್ ತೆಗೆದದ್ದು ಈ ಹುಡುಗ ಅಲ್ಲ. ನಾನು. ಇವನನ್ನ ಕಳ್ಳ ಅಂದಾಗ ಇಲ್ಲೇ ನಿಂತಿದ್ದೆ. ಹೆದರಿ ಬಾಯಿ ಮುಚ್ಕೊಂಡೆ. ತಪ್ಪು ನನ್ನದು.”

ಬೂತಿನವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.

ಅಮರೇಶ ತನ್ನ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡ. ಮುದುಕಿಯ ಮುಂದೆ ಬಂದು ನಿಂತ.

“ನನಗ ಗೊತ್ತಿತ್ರೀ ಅಮ್ಮಾ,” ಎಂದ. “ಅವತ್ತು ಐದಕ್ಕ ಕೂಸು ಅಳಾಕತ್ತಿತ್ತು. ಎತ್ಕೊಂಡು ಕಿಟಕ್ಯಾಗ ನಿಂತಿದ್ದೆ. ನೀವು ತಗದಿದ್ದು ನೋಡೀನಿ.”

“ಮತ್ತೆ ಯಾಕಪ್ಪ ಹೇಳ್ಲಿಲ್ಲ?”

“ನಮ್ಮ ಬಾಣಂತಿಗೆ ನೀರ ಬಿಟ್ಟವರ ಹೆಸರು ನಾ ಹ್ಯಾಂಗ ಹೇಳಲ್ರೀ?”

ಅಷ್ಟು ಹೇಳಿ ಅವನು ನಡೆದ. ಚಿಕ್ಕಲಕ್ಷ್ಮಮ್ಮ ನಿಂತಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಂತರಾಜು ಸಾಲು ಬಿಟ್ಟು ಅವನ ಹಿಂದೆ ನಾಲ್ಕು ಹೆಜ್ಜೆ ಹಾಕಿದ.

“ಅಮರೇಶ,” ಎಂದು ಕರೆದ. “ಅಮರೇಶ, ಒಂದು ನಿಮಿಷ.”

ಅಮರೇಶ ನಿಲ್ಲಲಿಲ್ಲ. ಮನೆಯಲ್ಲಿ ಬಾಣಂತಿಯ ಹಂಡೆಗೆ ಬೆಂಕಿ ಹಾಕಿ ಬಂದಿದ್ದ, ಅವನಿಗೆ ಹೊತ್ತಾಗಿತ್ತು.